ಎಲ್ಲಾ ಒಬ್ಬನ ಕೈಯಲ್ಲೇ ಇದ್ದ ಮೇಲೆ ಕೋರ್ಟು ಯಾಕೆ ಬೇಕು?

ಕುತೂಹಲಿ:
ಒಂದು ದಡ್ಡ ಪ್ರಶ್ನೆ, ನಗಬೇಡಿ. ಸರ್ವಾಧಿಕಾರಿಗಳ ಬಗ್ಗೆ ಓದುವಾಗಲೆಲ್ಲ ನಾನು ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆ. ಸೈನ್ಯ ಅವನದು. ಪೊಲೀಸರು ಅವನವರು. ಪತ್ರಿಕೆಗಳು ಅವನು ಹೇಳಿದ್ದನ್ನೇ ಬರೆಯುತ್ತವೆ. ಹಾಗಿದ್ದ ಮೇಲೆ ಕೋರ್ಟು, ಜಡ್ಜು, ವಕೀಲರು, ದಪ್ಪ ದಪ್ಪ ಕಾನೂನು ಪುಸ್ತಕ ಇವೆಲ್ಲ ಯಾಕೆ? ಬೇಡದವರನ್ನು ಹಿಡಿದು ಸೀದಾ ಒಳಗೆ ಹಾಕಬಹುದಲ್ಲ. ಆದರೆ ಹೆಚ್ಚಿನವರು ಹಾಗೆ ಮಾಡಿಲ್ಲ. ಸಂವಿಧಾನ ಬರೆಸುತ್ತಾರೆ, ಗೆಜೆಟ್ ಹೊರಡಿಸುತ್ತಾರೆ, ವಿಚಾರಣೆ ನಡೆಸುತ್ತಾರೆ, ತೀರ್ಪಿಗೆ ಸೀಲು ಹಾಕಿಸುತ್ತಾರೆ. ಇದು ಬರೀ ಹೊರಗಿನವರಿಗೆ ತೋರಿಸುವ ನಾಟಕನಾ? ಅಥವಾ ಅಲ್ಲಿ ಕಾನೂನಿಗೆ ನಿಜವಾಗಿ ಏನಾದರೂ ಕೆಲಸ ಇರುತ್ತದಾ? ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಅಂತ ಗಾದೆ ಹಾಕಿ ಹೋಗಿಬಿಡಬೇಡಿ, ಅದು ನನಗೂ ಗೊತ್ತು.

ರಾತ್ರಿಪಾಳಿ:
ನಾಟಕ. ಮುಂದಿನ ಪ್ರಶ್ನೆ?

ಹಳೇ ಕರಿಕೋಟು:
ರಾತ್ರಿಪಾಳಿಯವರೇ, ಅಷ್ಟು ಬೇಗ ಪರದೆ ಎಳೆಯಬೇಡಿ. ನಾನು ಮೂವತ್ತು ವರ್ಷಕ್ಕೂ ಜಾಸ್ತಿ ವಕೀಲಿಕೆ ಮಾಡಿ ಈಗ ಮನೆಯಲ್ಲಿ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಎರ್ನ್ಸ್ಟ್ ಫ್ರೆಂಕೆಲ್ ಅಂತ ಬರ್ಲಿನ್‌ನಲ್ಲಿ ಒಬ್ಬ ವಕೀಲರಿದ್ದರು. ಯಹೂದಿ. ಹಿಟ್ಲರ್ ಬಂದ ಮೇಲೆ ಯಹೂದಿ ವಕೀಲರನ್ನು ಕೋರ್ಟಿನಿಂದ ಹೊರಗೆ ಹಾಕತೊಡಗಿದರು, ಆದರೆ ಮೊದಲ ಮಹಾಯುದ್ಧದಲ್ಲಿ ಹೋರಾಡಿದವರಿಗೆ ಒಂದು ವಿನಾಯಿತಿ ಇತ್ತು. ಆ ವಿನಾಯಿತಿ ಹಿಡಿದುಕೊಂಡು ಫ್ರೆಂಕೆಲ್ 1938ರವರೆಗೂ ಅಲ್ಲೇ ಕೇಸು ನಡೆಸಿದರು, ಆಮೇಲೆ ದೇಶ ಬಿಟ್ಟು ಓಡಿದರು. ಒಳಗೆ ನಿಂತು ನೋಡಿದ ಮನುಷ್ಯ, ಹಾಗಾಗಿ ಅವರ ಮಾತಿಗೆ ತೂಕ ಇದೆ. ಅವರು ಕಂಡಿದ್ದು ಏನಪ್ಪಾ ಅಂದರೆ, ಒಂದೇ ದೇಶದೊಳಗೆ ಎರಡು ರಾಜ್ಯಗಳು ಅಕ್ಕಪಕ್ಕ ನಡೆಯುತ್ತಿವೆ. ಒಂದರಲ್ಲಿ ಬಾಡಿಗೆ ಜಗಳ, ಸಾಲದ ಪತ್ರ, ಕಂಪನಿಗಳ ಕರಾರು, ವಿಚ್ಛೇದನ ಎಲ್ಲವೂ ಮಾಮೂಲಿ ಕಾನೂನಿನಂತೆಯೇ ತೀರ್ಮಾನ ಆಗುತ್ತವೆ. ಇನ್ನೊಂದರಲ್ಲಿ ಕಾನೂನೇ ಇಲ್ಲ, ಗೆಸ್ಟಾಪೋ ಅಂದರೆ ನಾಜಿಗಳ ಗುಪ್ತ ಪೊಲೀಸ್ ಹೇಳಿದ್ದೇ ಕೊನೆ. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಯಾವ ಕೇಸು ಯಾವ ರಾಜ್ಯಕ್ಕೆ ಸೇರಿದ್ದು ಅಂತ ಹೇಳುವ ಅಧಿಕಾರ ಆ ಎರಡನೆಯದರ ಕೈಯಲ್ಲಿತ್ತು. ವಿಷ ಇರುವುದು ಅಲ್ಲಿ.

ಉದಾಹರಣೆಗೆ ಮಾರ್ಟಿನ್ ನೀಮೋಲರ್ ಅನ್ನುವ ಪಾದ್ರಿ. 1937ರ ಜುಲೈನಲ್ಲಿ ಬಂಧಿಸಿದರು. 1938ರ ಮಾರ್ಚ್‌ನಲ್ಲಿ ಕೋರ್ಟು ಏಳು ತಿಂಗಳ ಶಿಕ್ಷೆ ಹೇಳಿತು. ವಿಚಾರಣೆಗೆ ಕಾಯುತ್ತಲೇ ಅದಕ್ಕಿಂತ ಜಾಸ್ತಿ ಒಳಗಿದ್ದರು, ಅಂದರೆ ಲೆಕ್ಕದ ಪ್ರಕಾರ ಬಿಡುಗಡೆ. ಕೋರ್ಟಿನ ಕೆಲಸ ಮುಗಿಯಿತು. ಗೆಸ್ಟಾಪೋ ಅವರನ್ನು ಅಲ್ಲಿಂದಲೇ ಎತ್ತಿಕೊಂಡು ಸಾಕ್ಸನ್‌ಹೌಸನ್ ಯಾತನಾ ಶಿಬಿರಕ್ಕೆ ಒಯ್ದಿತು. ಮತ್ತೆ ಹೊರಗೆ ಬಂದದ್ದು 1945ರಲ್ಲಿ. ಆ ಜಡ್ಜ್ ಕೊಟ್ಟ ತೀರ್ಪಿನಲ್ಲಿ ನಾಟಕ ಏನೂ ಇರಲಿಲ್ಲ ನೋಡಿ. ಅದು ಕೋರ್ಟಿನ ಬಾಗಿಲವರೆಗೆ ಮಾತ್ರ ನಡೆಯುತ್ತಿತ್ತು, ಅಷ್ಟೇ.

ನೇರಮಾತು:
ಬೈಸಿಕೊಳ್ಳುವ ಮಾತು ಹೇಳುತ್ತೇನೆ. ಬಹುಪಾಲು ಜನ ಆ ಮೊದಲನೇ ರಾಜ್ಯದಲ್ಲೇ ಬದುಕಿ ಸಾಯುತ್ತಾರೆ ಅಲ್ವಾ? ಅವರ ಆಸ್ತಿ ಕೇಸು ಸರಿಯಾಗಿ ತೀರ್ಮಾನ ಆದರೆ ಸಾಕು. ಸಿಂಗಪುರ ನೋಡಿ, 1959ರಿಂದ ಒಂದೇ ಪಕ್ಷದ ಆಡಳಿತ. ಕರಾರು ಮುರಿದರೆ ಕೋರ್ಟು ಬಿಡುವುದಿಲ್ಲ, ಲಂಚ ಕಡಿಮೆ, ಕೇಸು ಬೇಗ ಮುಗಿಯುತ್ತದೆ. ಮತ ಹಾಕುವ ಹಕ್ಕು ಧಾರಾಳವಾಗಿ ಇದ್ದು, ಅಜ್ಜ ಹಾಕಿದ ದಾವೆಗೆ ಮೊಮ್ಮಗ ವಾಯಿದೆ ತೆಗೆದುಕೊಳ್ಳುವ ಕಡೆಗಿಂತ ಅದು ಎಷ್ಟೋ ವಾಸಿ. ರಾಜಕೀಯ ಮಾಡದವನಿಗೆ ಅಲ್ಲಿ ಏನು ಕಷ್ಟ?

ಚಿಟ್ಟೆಪುಟ:
ನೇರಮಾತು ಅವರೇ, ಬೈಯುವುದಿಲ್ಲ. ಕೇಸು ಬೇಗ ಮುಗಿಯಬೇಕು ಅನ್ನುವುದು ನ್ಯಾಯವಾದ ಮಾತು. ತಡವಾದ ನ್ಯಾಯದಿಂದ ಬೇಸತ್ತ ಜನರೇ ಮೊದಲು ‘ಒಬ್ಬ ಗಟ್ಟಿ ಮನುಷ್ಯ ಬರಲಿ’ ಅನ್ನುವುದು. (ನಾನು ಇತಿಹಾಸ ಪಾಠ ಮಾಡುವವಳು, ಹಾಗಾಗಿ ಇಸವಿಗಳು ಜಾಸ್ತಿ ಬರುತ್ತವೆ.)

ಆದರೆ ನೀವು ಹೇಳಿದ ಸಿಂಗಪುರದ್ದೇ ಇನ್ನರ್ಧ ಕೇಳಿ. 1987ರಲ್ಲಿ ಆಂತರಿಕ ಭದ್ರತಾ ಕಾಯ್ದೆಯಡಿ 22 ಜನರನ್ನು ವಿಚಾರಣೆಯಿಲ್ಲದೆ ಹಿಡಿದರು. ಚರ್ಚ್ ಜೊತೆ ಸೇರಿ ಸಮಾಜಸೇವೆ ಮಾಡುತ್ತಿದ್ದವರು, ವಕೀಲರು, ನಾಟಕ ಆಡುತ್ತಿದ್ದವರು. ಅವರಲ್ಲಿ ಕೆಲವರ ಕೇಸು ಮೇಲ್ಮನವಿ ಕೋರ್ಟಿಗೆ ಹೋಯಿತು. 1988ರ ಡಿಸೆಂಬರ್‌ನಲ್ಲಿ ಆ ಕೋರ್ಟು, ಬಂಧನಕ್ಕೆ ಸರ್ಕಾರದ ಬಳಿ ನಿಜವಾದ ಕಾರಣ ಇದೆಯಾ ಅಂತ ನಾವು ನೋಡಬಹುದು ಅಂತ ಹೇಳಿತು. ಎಷ್ಟು ಒಳ್ಳೆಯ ತೀರ್ಪು! ಅರ್ಜಿ ಹಾಕಿದ ನಾಲ್ವರನ್ನು ಬಿಟ್ಟರು. ಬಿಟ್ಟ ದಿನವೇ ಹೊಸ ಆದೇಶ ಕೊಟ್ಟು ಮತ್ತೆ ಹಿಡಿದರು. ಮುಂದಿನ ತಿಂಗಳು, 1989ರ ಜನವರಿಯಲ್ಲಿ, ಸಂವಿಧಾನವನ್ನೂ ಕಾಯ್ದೆಯನ್ನೂ ತಿದ್ದಿ, ಇನ್ನು ಮೇಲೆ ಕೋರ್ಟು ಬರೀ ಕಾಗದಪತ್ರ ಸರಿ ಇದೆಯಾ ಅಂತ ನೋಡಲಿ, ಕಾರಣ ಕೇಳಬೇಡ ಅಂತ ಮಾಡಿದರು. ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಈ ಥರದ ಕೇಸು ಹೋಗುತ್ತಿದ್ದ ದಾರಿಯನ್ನೂ ಮುಚ್ಚಿದರು.

ಆ 22 ಜನರಲ್ಲಿ ಎಷ್ಟು ಮಂದಿಗೆ, ತಾವು ‘ರಾಜಕೀಯ ಮಾಡುತ್ತಿದ್ದೇವೆ’ ಅಂತ ಬಂಧನದ ಹಿಂದಿನ ದಿನ ಅನ್ನಿಸಿತ್ತೋ? ಯಾವುದು ರಾಜಕೀಯ ಅಂತ ಹೇಳುವವರು ನೀವಲ್ಲವಲ್ಲ.

ನೇರಮಾತು:
ಮರುಬಂಧನದ ವಿಷಯ ನನಗೆ ಗೊತ್ತಿರಲಿಲ್ಲ. ಸರಿ. ಆದರೂ ಕಳ್ಳನಿಗೂ ಸಾಲಗಾರನಿಗೂ ಸರಿಯಾಗಿ ನಡೆಯುವ ಕೋರ್ಟು ಇರುವುದೇ ದೊಡ್ಡದು ಅನ್ನುವ ಮಾತನ್ನು ನಾನು ಬಿಡುವುದಿಲ್ಲ.

ಕಟಕಟೆ ಪಕ್ಕ:
ಬಿಡಬೇಡಿ ಸಾರ್, ಆ ಮಾತು ನಿಜವೇ. ನಾನು ಬೆಂಚ್ ಕ್ಲರ್ಕ್ ಆಗಿ ನಿವೃತ್ತಿ ಆದವನು. ಕುತೂಹಲಿಯವರು ಕೇಳಿದ ‘ಯಾಕೆ ಬೇಕು’ ಅನ್ನುವುದಕ್ಕೆ ನನ್ನ ಕುರ್ಚಿಯಿಂದ ಕಂಡ ಉತ್ತರ ಹೇಳುತ್ತೇನೆ.

ಒಬ್ಬ ಮನುಷ್ಯ ಎಲ್ಲವನ್ನೂ ನೋಡೋಕ್ಕಾಗಲ್ಲ. ಎಷ್ಟೇ ಬಲಶಾಲಿ ಆದರೂ ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ. ಅವನ ಹೆಸರಿನಲ್ಲಿ ಕೆಳಗೆ ಲಕ್ಷಾಂತರ ಅಧಿಕಾರಿಗಳು ಕೂತಿರುತ್ತಾರೆ. ಅವರು ಜನರನ್ನು ಸುಲಿಯುತ್ತಿದ್ದಾರಾ, ಅವನ ಆದೇಶ ಪಾಲಿಸುತ್ತಿದ್ದಾರಾ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಪತ್ರಿಕೆಯ ಬಾಯಿ ಅವನೇ ಕಟ್ಟಿದ್ದಾನೆ. ಆಗ ಕೋರ್ಟೇ ಅವನ ಕಿಟಕಿ. ಚೀನಾದಲ್ಲಿ 1989ರಲ್ಲಿ ಒಂದು ಕಾನೂನು ಮಾಡಿದರು, 1990ರ ಅಕ್ಟೋಬರ್‌ನಿಂದ ಜಾರಿಗೆ ಬಂತು. ಸಾಮಾನ್ಯ ಪ್ರಜೆ ಸರ್ಕಾರಿ ಕಚೇರಿಯ ಮೇಲೆ ಕೇಸು ಹಾಕಬಹುದು. ಹಾಕಿದರು, ಕೆಲವರು ಗೆದ್ದರು ಕೂಡ. ಆದರೆ ಪಕ್ಷದ ಮೇಲೆ ಹಾಕೋಕ್ಕಾಗಲ್ಲ. ಕೆಳಗಿನ ತಾಲೂಕು ಅಧಿಕಾರಿ ಸೋಲಬಹುದು, ಅವನನ್ನು ಕೂರಿಸಿದ ಕಮಿಟಿ ಸೋಲುವುದಿಲ್ಲ. ಅದೇ ಕಾನೂನು ನಂಬಿಕೊಂಡು ದೊಡ್ಡ ದೊಡ್ಡ ಕೇಸು ಹಿಡಿದ ವಕೀಲರನ್ನು 2015ರ ಜುಲೈ 9ರಿಂದ ಹುಡುಕಿ ಹುಡುಕಿ ಎತ್ತಿಕೊಂಡು ಹೋದರು. ವಕೀಲರು, ಅವರ ಸಹಾಯಕರು, ಹೋರಾಟಗಾರರು ಎಲ್ಲ ಸೇರಿ ಮುನ್ನೂರರ ಆಸುಪಾಸು.

ಇನ್ನೊಂದು ಮಾತು. ಹೊರಗಿನವರು ಕೋರ್ಟನ್ನು ಕೆಡಿಸುವುದು ಅಂದರೆ ಜಡ್ಜ್‌ಗೆ ಫೋನ್ ಮಾಡುವುದು ಅಂದುಕೊಳ್ಳುತ್ತಾರೆ. ಸೋವಿಯತ್ ದೇಶದಲ್ಲಿ ಅದಕ್ಕೆ ‘ಟೆಲಿಫೋನ್ ಕಾನೂನು’ ಅಂತಲೇ ಹೆಸರಿತ್ತಂತೆ. ಆದರೆ ಫೋನ್ ದಡ್ಡರ ದಾರಿ ಸಾರ್. ಜಾಣರು ಫೈಲು ಯಾವ ಬೆಂಚಿಗೆ ಹೋಗುತ್ತದೆ ಅಂತ ನೋಡಿಕೊಳ್ಳುತ್ತಾರೆ. ಯಾವ ಜಡ್ಜ್ ಎಲ್ಲಿಗೆ ವರ್ಗ, ಯಾರಿಗೆ ಬಡ್ತಿ, ಯಾರ ಕೇಸು ಪಟ್ಟಿಯ ಮೇಲೆ, ಯಾರದು ಕೊನೆಯಲ್ಲಿ ‘ಸಮಯ ಆಯ್ತು’ ಅಂತ ಮುಂದಕ್ಕೆ. ಕಾಗದದ ಮೇಲೆ ಒಂದು ಅಕ್ಷರ ತಪ್ಪು ಸಿಗುವುದಿಲ್ಲ. ಹಂಗೇರಿಯಲ್ಲಿ ನೋಡಿ, ಜಡ್ಜ್‌ಗಳ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿದರು. ಯಾರನ್ನೂ ವಜಾ ಮಾಡಲಿಲ್ಲ! ಹಿರಿಯರೆಲ್ಲ ವಯಸ್ಸಾಯಿತು ಅಂತ ಮನೆಗೆ. 2012ರ ನವೆಂಬರ್‌ನಲ್ಲಿ ಯುರೋಪಿಯನ್ ಕೋರ್ಟು ಇದು ತಪ್ಪು ಅಂದಿತು. ಅಷ್ಟರಲ್ಲಿ ಕುರ್ಚಿಗಳಲ್ಲಿ ಬೇರೆಯವರು ಕೂತಾಗಿತ್ತು. ಟರ್ಕಿಯಲ್ಲಿ ಇಷ್ಟು ನಯ ಇರಲಿಲ್ಲ. 2016ರ ಜುಲೈ 15ರ ರಾತ್ರಿ ದಂಗೆಯ ಯತ್ನ ಆಯಿತು, ಮರುದಿನವೇ 2,745 ಜಡ್ಜ್‌ಗಳು ಅಮಾನತು. ಒಂದು ದಿನದಲ್ಲಿ ಅಷ್ಟು ಹೆಸರು ಟೈಪ್ ಮಾಡುವುದಕ್ಕೇ ಆಗುವುದಿಲ್ಲ, ನಾನು ಮಾಡಿದವನು ಹೇಳುತ್ತಿದ್ದೇನೆ. ಪಟ್ಟಿ ಮೊದಲೇ ಇರಬೇಕು ಅಂತ ನನ್ನ ಗುಮಾನಿ.

ರಾತ್ರಿಪಾಳಿ:
ಈ ಕೊನೇ ಸಾಲಿಗೆ ನನ್ನ ಪೂರ್ತಿ ಮತ.

ಕುತೂಹಲಿ:
ಅಬ್ಬಾ. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಈಗ ನನ್ನ ಗೊಂದಲ ಬೇರೆ ಆಯಿತು. ಜರ್ಮನಿಯಲ್ಲಿ ಆ ಎರಡನೇ ರಾಜ್ಯಕ್ಕೆ ಬಾಗಿಲು ತೆಗೆದದ್ದು ಯಾರು? ಅದನ್ನೂ ಕಾನೂನಿನಿಂದಲೇ ತೆಗೆದರಾ?

ಹಳೇ ಕರಿಕೋಟು:
ಪೂರ್ತಿ ಕಾನೂನಿನಿಂದಲೇ. 1933ರ ಫೆಬ್ರವರಿ 27ರ ರಾತ್ರಿ ಅವರ ಸಂಸತ್ ಭವನಕ್ಕೆ ಬೆಂಕಿ ಬಿತ್ತು. 28ಕ್ಕೆ ರಾಷ್ಟ್ರಾಧ್ಯಕ್ಷರ ತುರ್ತು ಆಜ್ಞೆ. ಸಂವಿಧಾನದ 48ನೇ ವಿಧಿಯಲ್ಲಿ ಆ ಅಧಿಕಾರ ಮೊದಲೇ ಇತ್ತು, ಪ್ರಜಾಪ್ರಭುತ್ವವಾದಿಗಳೇ ಬರೆದದ್ದು. ಮಾತಿನ ಹಕ್ಕು, ಸಭೆ ಸೇರುವ ಹಕ್ಕು, ಕಾರಣವಿಲ್ಲದೆ ಬಂಧನ ಆಗಬಾರದು ಅನ್ನುವ ಹಕ್ಕು, ಎಲ್ಲ ಒಂದೇ ದಿನಕ್ಕೆ ಅಮಾನತು. ಆ ‘ತಾತ್ಕಾಲಿಕ’ ಆಜ್ಞೆ 1945ರವರೆಗೆ ಹಾಗೇ ಇತ್ತು. ಮಾರ್ಚ್ 23ಕ್ಕೆ, ಸಂಸತ್ತೇ ಬೇಡ, ಮಂತ್ರಿಮಂಡಲವೇ ಕಾನೂನು ಮಾಡಲಿ ಅನ್ನುವ ಮಸೂದೆ 444ಕ್ಕೆ 94 ಮತದಿಂದ ಪಾಸಾಯಿತು. ಕಮ್ಯುನಿಸ್ಟ್ ಸದಸ್ಯರು ಅಷ್ಟರಲ್ಲಿ ಜೈಲಿನಲ್ಲೋ ತಲೆ ಮರೆಸಿಕೊಂಡೋ ಇದ್ದರು. ನನಗೆ ಇವತ್ತಿಗೂ ನಗು ತರಿಸುವ ವಿಷಯ ಏನು ಗೊತ್ತಾ? ಆ ಕಾನೂನಿಗೆ ನಾಲ್ಕು ವರ್ಷದ ಅವಧಿ ಇತ್ತು. 1937ರಲ್ಲಿ ಹಿಟ್ಲರ್‌ಗೆ ಎದುರಾಡುವವರು ಒಬ್ಬರೂ ಉಳಿದಿರಲಿಲ್ಲ, ಆದರೂ ಕ್ರಮಬದ್ಧವಾಗಿ ನವೀಕರಣ ಮಾಡಿಸಿಕೊಂಡರು. ಲೈಸೆನ್ಸ್ ರಿನ್ಯೂ ಮಾಡಿಸಿದ ಹಾಗೆ.

ಬೆಂಕಿ ಕೇಸಿನ ಕಥೆ ಇನ್ನೂ ಕೇಳಬೇಕು. ಮರಿನಸ್ ವಾನ್ ಡೆರ್ ಲುಬ್ಬೆ ಅನ್ನುವ ಡಚ್ ಯುವಕ ಸ್ಥಳದಲ್ಲೇ ಸಿಕ್ಕಿಬಿದ್ದ. ಬೆಂಕಿ ಹಚ್ಚಿದ್ದಕ್ಕೆ ಆಗ ಗಲ್ಲು ಇರಲಿಲ್ಲ. ಒಂದು ತಿಂಗಳಾದ ಮೇಲೆ ಗಲ್ಲು ಅಂತ ಕಾನೂನು ಮಾಡಿ, ಹಿಂದಿನ ತಾರೀಕಿನಿಂದ ಜಾರಿ ಮಾಡಿದರು. ಅವನ ತಲೆ ಹೋಯಿತು. ಆದರೆ ಅವನ ಜೊತೆ ಸಿಕ್ಕಿಸಿದ್ದ ನಾಲ್ವರು ಕಮ್ಯುನಿಸ್ಟರನ್ನು ಲೈಪ್‌ಜಿಗ್ ಕೋರ್ಟು 1933ರ ಡಿಸೆಂಬರ್‌ನಲ್ಲಿ ಸಾಕ್ಷ್ಯ ಇಲ್ಲ ಅಂತ ಖುಲಾಸೆ ಮಾಡಿತು! ನಾಜಿ ಆಡಳಿತದಲ್ಲಿ, ಹಿಟ್ಲರ್ ಕಣ್ಣಿಟ್ಟಿದ್ದ ಕೇಸಿನಲ್ಲಿ. ಖುಲಾಸೆಯಾದವರನ್ನು ಆ ಕ್ಷಣಕ್ಕೆ ಬಿಡಲಿಲ್ಲ ಅನ್ನುವುದು ಬೇರೆ. ಹಿಟ್ಲರ್ ಉರಿದುಹೋದ. 1934ರ ಏಪ್ರಿಲ್‌ನಲ್ಲಿ ದೇಶದ್ರೋಹದ ಕೇಸುಗಳನ್ನು ಆ ಕೋರ್ಟಿನಿಂದ ಕಿತ್ತು ‘ಜನತಾ ನ್ಯಾಯಾಲಯ’ ಅಂತ ಹೊಸದನ್ನು ಕಟ್ಟಿ ಅಲ್ಲಿಗೆ ಕೊಟ್ಟರು. ಹೆಸರು ಮಾತ್ರ ಎಷ್ಟು ಚೆಂದ ನೋಡಿ.

ಚಿಟ್ಟೆಪುಟ:
ಕರಿಕೋಟು ಸಾರ್ ಹೇಳಿದ್ದು, ಸಿಂಗಪುರದ್ದು ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಎರಡು ಕಡೆಯೂ ಸರ್ಕಾರ ಕೋರ್ಟಿನಲ್ಲಿ ಸೋತಿದೆ. ‘ಸರ್ಕಾರದ ವಿರುದ್ಧ ತೀರ್ಪು ಬಂತು, ನೋಡಿ ಕೋರ್ಟು ಸ್ವತಂತ್ರ’ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ನಾನು ಮಕ್ಕಳಿಗೂ ಹಾಗೇ ಹೇಳುತ್ತಿದ್ದೆ. ಈಗ ಅನ್ನಿಸುತ್ತದೆ, ಸೋತಿತಾ ಅಂತ ಕೇಳಿದರೆ ಸಾಲದು, ಸೋತ ಮರುದಿನ ಏನು ಮಾಡಿತು ಅಂತ ಕೇಳಬೇಕು.

ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಸರ್ಕಾರದವರು ಮಿಶ್ರ ಜನಾಂಗದವರ ಹೆಸರನ್ನು ಸಾಮಾನ್ಯ ಮತದಾರರ ಪಟ್ಟಿಯಿಂದ ತೆಗೆಯಲು 1951ರಲ್ಲಿ ಕಾನೂನು ಮಾಡಿದರು. ಅದಕ್ಕೆ ಎರಡೂ ಸದನಗಳ ಜಂಟಿ ಅಧಿವೇಶನದಲ್ಲಿ ಮೂರನೇ ಎರಡು ಬಹುಮತ ಬೇಕಿತ್ತು, ಅದು ಇರಲಿಲ್ಲ. 1952ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಕಾನೂನನ್ನು ಹೊಡೆದು ಹಾಕಿತು. ಸರ್ಕಾರ, ಸಂಸತ್ತೇ ಹೈಕೋರ್ಟು ಅಂತ ಇನ್ನೊಂದು ಕಾನೂನು ತಂದಿತು. ಅದನ್ನೂ ಹೊಡೆದರು. ಆಗ ಮಾಡಿದ್ದೇನು? 1955ರಲ್ಲಿ ಕೋರ್ಟಿನ ಜಡ್ಜ್‌ಗಳ ಸಂಖ್ಯೆಯನ್ನು 11ಕ್ಕೆ ಏರಿಸಿದರು. ಸೆನೆಟ್ ಸದಸ್ಯರನ್ನು 48ರಿಂದ 89ಕ್ಕೆ ಏರಿಸಿ ತಮ್ಮವರನ್ನು ತುಂಬಿದರು. ಮೂರನೇ ಎರಡು ಬಹುಮತ ಬಂತು. 1956ಕ್ಕೆ ಕೆಲಸ ಆಯಿತು. ಐದು ವರ್ಷ ಹಿಡಿಯಿತು, ಒಂದು ಹೆಜ್ಜೆಯೂ ಕಾನೂನು ಬಿಟ್ಟು ಇಟ್ಟಿಲ್ಲ.

ಹಳೇ ಕರಿಕೋಟು:
ಮೇಡಂ, ‘ಸೋತ ಮರುದಿನ’ ಅನ್ನುವ ಮಾತು ನನಗೆ ಹಿಡಿಸಿತು. 1975ರ ಭಾರತವನ್ನೂ ಅದರ ಪಕ್ಕ ಇಡಿ. ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನೇ ರದ್ದು ಮಾಡಿದರು. 25ರ ರಾತ್ರಿ ತುರ್ತು ಪರಿಸ್ಥಿತಿ. ಆಗಸ್ಟ್‌ನಲ್ಲಿ ಚುನಾವಣಾ ಕಾನೂನನ್ನು ಹಿಂದಿನ ತಾರೀಕಿನಿಂದ ತಿದ್ದಿದರು, ಜೊತೆಗೆ ಪ್ರಧಾನಿಯ ಆಯ್ಕೆಯನ್ನು ಕೋರ್ಟು ಪ್ರಶ್ನಿಸುವ ಹಾಗಿಲ್ಲ ಅಂತ ಸಂವಿಧಾನಕ್ಕೆ 39ನೇ ತಿದ್ದುಪಡಿ. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗವನ್ನು ಹೊಡೆಯಿತು, ಆದರೆ ತಿದ್ದಿದ ಚುನಾವಣಾ ಕಾನೂನನ್ನು ಒಪ್ಪಿಕೊಂಡು ಆಯ್ಕೆಯನ್ನು ಎತ್ತಿಹಿಡಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆಮೇಲೆ ಬಂದದ್ದು ಜಬಲ್ಪುರದ ಕೇಸು. ವಿಚಾರಣೆಯಿಲ್ಲದೆ ಒಳಗಿದ್ದವರು ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ನನ್ನ ಬಂಧನ ಕಾನೂನುಬದ್ಧವಾ ನೋಡಿ ಅನ್ನುವ ಅರ್ಜಿ, ಹಾಕಬಹುದಾ ಅನ್ನುವುದು ಪ್ರಶ್ನೆ. ಒಂಬತ್ತು ಹೈಕೋರ್ಟುಗಳು ಹಾಕಬಹುದು ಅಂದಿದ್ದವು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ಅವರನ್ನು ಒಂದು ಪ್ರಶ್ನೆ ಕೇಳಿದರು. ಒಬ್ಬ ಪೊಲೀಸ್ ಅಧಿಕಾರಿ ತನ್ನ ಸ್ವಂತ ಹಗೆಗೆ ಯಾರನ್ನಾದರೂ ಕೊಂದರೆ, ಆಗಲೂ ಕೋರ್ಟಿಗೆ ಬರುವಂತಿಲ್ಲವಾ ಅಂತ. ತಮ್ಮ ವಾದದ ಪ್ರಕಾರ, ತುರ್ತು ಪರಿಸ್ಥಿತಿ ಇರುವವರೆಗೆ ಬರುವಂತಿಲ್ಲ ಅನ್ನುವ ಉತ್ತರ ಬಂತು. ಅಷ್ಟು ಕೇಳಿಸಿಕೊಂಡ ಮೇಲೂ 1976ರ ಏಪ್ರಿಲ್ 28ಕ್ಕೆ ನಾಲ್ವರು ಸರ್ಕಾರದ ಕಡೆ ಬರೆದರು. ಖನ್ನಾ ಒಬ್ಬರೇ ವಿರುದ್ಧ. 1977ರ ಜನವರಿಯಲ್ಲಿ ಹಿರಿತನದ ಪ್ರಕಾರ ಅವರು ಮುಖ್ಯ ನ್ಯಾಯಮೂರ್ತಿ ಆಗಬೇಕಿತ್ತು, ಅವರನ್ನು ದಾಟಿ ಎಂ.ಎಚ್. ಬೇಗ್ ಅವರನ್ನು ಮಾಡಿದರು. ಖನ್ನಾ ರಾಜೀನಾಮೆ ಕೊಟ್ಟು ಹೋದರು.

ನಾನು ಆ ತೀರ್ಪನ್ನು ಮೊದಲು ಓದಿದಾಗ ನನಗೆ ಆಶ್ಚರ್ಯ ಆದದ್ದು ಬಹುಮತದವರ ಬುದ್ಧಿವಂತಿಕೆ ನೋಡಿ. ಒಬ್ಬೊಬ್ಬರದೂ ಎಂಥ ತರ್ಕ! ದಡ್ಡರು ಬರೆದದ್ದಾಗಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ನೇರಮಾತು:
ಆದರೆ ಸಾರ್, ಖನ್ನಾ ಬರೆದದ್ದರಿಂದ ಆವತ್ತು ಒಬ್ಬ ಕೈದಿಯಾದರೂ ಹೊರಗೆ ಬಂದನಾ? ಇಲ್ಲ. 2017ರಲ್ಲಿ ಆ ತೀರ್ಪು ತಪ್ಪು ಅಂತ ಹೇಳಿದರು, ನಾನೂ ಓದಿದ್ದೇನೆ. ನಲವತ್ತೊಂದು ವರ್ಷ ಆದ ಮೇಲೆ! ಪಾಕಿಸ್ತಾನದಲ್ಲೂ ಇದೇ ಕಥೆ. 1958ರಲ್ಲಿ, ದಂಗೆ ಗೆದ್ದರೆ ಅದೇ ಕಾನೂನು ಅಂತ ಅವರ ಸುಪ್ರೀಂ ಕೋರ್ಟು ಹೇಳಿತು. 1972ರಲ್ಲಿ ಅದನ್ನು ತಿರುಗಿಸಿ, ಸೇನಾಡಳಿತಗಾರ ಯಾಹ್ಯಾ ಖಾನ್ ಅಧಿಕಾರ ಕಬಳಿಸಿದವರು ಅಂದಿತು. ಯಾವಾಗ? ಅವರು ಕುರ್ಚಿಯಿಂದ ಇಳಿದ ಮೇಲೆ. ಕೋರ್ಟುಗಳಿಗೆ ಧೈರ್ಯ ಬರುವುದು ಯಾವಾಗಲೂ ಮಳೆ ನಿಂತ ಮೇಲೆ.

ಹಳೇ ಕರಿಕೋಟು:
ನಿಮ್ಮ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ, ಒಪ್ಪಿಕೊಳ್ಳುತ್ತೇನೆ. ಒಂದೆರಡು ಮಾತು ಸೇರಿಸುತ್ತೇನೆ ಅಷ್ಟೇ. 1978ರಲ್ಲಿ 44ನೇ ತಿದ್ದುಪಡಿ ಬಂತು, ತುರ್ತು ಪರಿಸ್ಥಿತಿಯಲ್ಲೂ ಜೀವದ ಹಕ್ಕನ್ನು ಅಮಾನತು ಮಾಡುವ ಹಾಗಿಲ್ಲ ಅಂತ. ನಲವತ್ತೊಂದು ವರ್ಷ ಕಾಯಲಿಲ್ಲ, ಎರಡೇ ವರ್ಷ. ಇನ್ನು ಪಾಕಿಸ್ತಾನದ್ದೇ ಇನ್ನೊಂದು ಪುಟ ಇದೆ. 2007ರ ನವೆಂಬರ್ 3ಕ್ಕೆ ಮುಷರಫ್ ತುರ್ತು ಪರಿಸ್ಥಿತಿ ಹೇರಿ, ಎಲ್ಲ ಜಡ್ಜ್‌ಗಳೂ ಹೊಸದಾಗಿ ಪ್ರಮಾಣ ಮಾಡಿ ಅಂದಾಗ ಅರವತ್ತರಷ್ಟು ಮಂದಿ ಮಾಡಲಿಲ್ಲ. ಮಳೆ ಸುರಿಯುತ್ತಲೇ ಇತ್ತು ಆಗ. ವಕೀಲರು ಕರಿಕೋಟಿನಲ್ಲೇ ಬೀದಿಗೆ ಬಂದು ಲಾಠಿ ಏಟು ತಿಂದರು. ಮುಖ್ಯ ನ್ಯಾಯಮೂರ್ತಿ ಇಫ್ತಿಕಾರ್ ಚೌಧರಿ ಮತ್ತೆ ಕುರ್ಚಿಯಲ್ಲಿ ಕೂತದ್ದು 2009ರ ಮಾರ್ಚ್‌ನಲ್ಲಿ.

ಕಟಕಟೆ ಪಕ್ಕ:
ಜಡ್ಜ್ ಆದವನು ಅಂಥ ಕಾಲದಲ್ಲಿ ಇರಬೇಕಾ, ಬಿಟ್ಟು ಹೋಗಬೇಕಾ? ಇದು ನನ್ನನ್ನು ತುಂಬಾ ಕಾಡಿದೆ. ಒಳ್ಳೆಯವರು ಬಿಟ್ಟು ಹೋದರೆ ಆ ಕುರ್ಚಿ ಖಾಲಿ ಇರುವುದಿಲ್ಲ, ಸಂಜೆಯೊಳಗೆ ಇನ್ನೊಬ್ಬ ಬರುತ್ತಾನೆ. ಇದ್ದರೆ ಅವರ ಒಳ್ಳೆಯ ಹೆಸರು ಆ ಸರ್ಕಾರಕ್ಕೆ ಸುಣ್ಣ ಬಳಿದ ಹಾಗೆ.

ಚಿಟ್ಟೆಪುಟ:
ಇದ್ದುದರಿಂದ ಲಾಭ ಆದ ಉದಾಹರಣೆಗಳೂ ಇವೆ. ಅದೇ ದಕ್ಷಿಣ ಆಫ್ರಿಕಾ. ಒಬ್ಬ ಮಾಲೀಕನ ಹತ್ತಿರ ಹತ್ತು ವರ್ಷ ಬಿಡದೆ ದುಡಿದ ಕರಿಯ ಕಾರ್ಮಿಕನಿಗೆ ನಗರದಲ್ಲಿ ನೆಲೆಸುವ ಹಕ್ಕು ಅಂತ ಕಾನೂನಿನಲ್ಲೇ ಇತ್ತು. ಆದರೆ ಪ್ರತಿ ವರ್ಷ ಕರಾರು ಹೊಸದು ಮಾಡಲು ಊರಿಗೆ ಹೋಗಿ ಬರಬೇಕು ಅಂತ ನಿಯಮ. ಅಧಿಕಾರಿಗಳು, ನೀನು ಬಿಟ್ಟು ಬಿಟ್ಟು ದುಡಿದಿದ್ದೀಯ ಅಂತ ಹೇಳಿ ಹಕ್ಕು ಕೊಡುತ್ತಿರಲಿಲ್ಲ. ರಿಕೋಟೊ ಪ್ರಕರಣದಲ್ಲಿ 1983ರಲ್ಲಿ ಮೇಲ್ಮನವಿ ಕೋರ್ಟು, ಇದು ಬಿಟ್ಟು ದುಡಿದದ್ದಲ್ಲ, ಬಿಡದೆ ದುಡಿದದ್ದೇ ಅಂದಿತು. ಅಪಾರ ಸಂಖ್ಯೆಯ ಕಾರ್ಮಿಕರಿಗೆ ದಾರಿ ತೆರೆಯಿತು. ಕರಿಯರು ನಗರದಲ್ಲಿರಲು ಪಾಸ್ ಹೊಂದಿರಲೇಬೇಕು ಅನ್ನುವ ಪಾಸ್ ಕಾನೂನುಗಳೇ 1986ರಲ್ಲಿ ಹೋದವು. ಕೋರ್ಟಿನಿಂದ ಮಾತ್ರ ಅಂತ ನಾನು ಹೇಳುವುದಿಲ್ಲ, ಬೀದಿಯಲ್ಲಿ ಸತ್ತವರ ಪಾಲು ದೊಡ್ಡದು.

ಚಿಲಿ ಇನ್ನೂ ವಿಚಿತ್ರ. 1973ರ ದಂಗೆಯ ನಂತರ ಕಾಣೆಯಾದವರ ಮನೆಯವರು ಸಾವಿರಾರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಕೋರ್ಟುಗಳು ಬೆರಳೆಣಿಕೆಯಷ್ಟು ಬಿಟ್ಟು ಎಲ್ಲವನ್ನೂ ತಳ್ಳಿದವು. ಹೊಸ ಜಡ್ಜ್‌ಗಳನ್ನು ತುಂಬುವ ಕಷ್ಟವೂ ಅಧಿಕಾರ ಹಿಡಿದ ಸೇನಾಧಿಕಾರಿ ಪಿನೋಚೆಗೆ ಬರಲಿಲ್ಲ, ಹಳಬರೇ ಸಾಕಾದರು. ಅವನೇ 1980ರಲ್ಲಿ ತನಗೆ ಬೇಕಾದ ಹಾಗೆ ಸಂವಿಧಾನ ಬರೆಸಿಕೊಂಡ, ಅದರಲ್ಲೊಂದು ಸಂವಿಧಾನ ಪೀಠವನ್ನೂ ಇಟ್ಟ. ಅವನೇ ಮುಂದುವರಿಯಬೇಕಾ ಬೇಡವಾ ಅಂತ 1988ರಲ್ಲಿ ಜನಮತ ನಡೆಯಬೇಕು ಅಂತಲೂ ಅದರಲ್ಲೇ ಇತ್ತು. 1985ರಲ್ಲಿ ಆ ಪೀಠ, ಜನಮತ ನಡೆಯುವಾಗ ಸ್ವತಂತ್ರ ಚುನಾವಣಾ ನ್ಯಾಯಮಂಡಳಿ ಇರಲೇಬೇಕು ಅಂತ ತೀರ್ಪು ಕೊಟ್ಟಿತು. ಅವನೇ ಕಟ್ಟಿಸಿದ ಪೀಠ! 1988ರ ಅಕ್ಟೋಬರ್ 5ಕ್ಕೆ ಜನ ‘ಬೇಡ’ ಅಂತ ಮತ ಹಾಕಿದರು, ಶೇಕಡಾ 56ರ ಹತ್ತಿರ. ಎಣಿಕೆ ತಿರುಚುವುದು ಕಷ್ಟ ಆಗಿತ್ತು.

ಕುತೂಹ​ಲಿ:
ಅಂದರೆ ಅಲ್ಲಿ ಸೋತ ಮರುದಿನ ಅವನು ಕಾನೂನು ತಿದ್ದಲಿಲ್ಲ? ಯಾಕೆ?

ಚಿಟ್ಟೆಪುಟ:
ನನಗೆ ತೋಚಿದ್ದು ಹೇಳುತ್ತೇನೆ. ಅಲ್ಲಿ ಅಧಿಕಾರ ಪೂರ್ತಿ ಒಬ್ಬನದ್ದಾಗಿರಲಿಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆ, ಪೊಲೀಸ್ ಪಡೆ ನಾಲ್ಕರ ಮುಖ್ಯಸ್ಥರು ಸೇರಿ ಆಳುತ್ತಿದ್ದರು. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಕಡಿಮೆ. ಬರೆದ ನಿಯಮ ಇದ್ದರೆ ಪಿನೋಚೆ ತಮ್ಮನ್ನು ನುಂಗುವುದಿಲ್ಲ ಅನ್ನುವ ಲೆಕ್ಕ ಉಳಿದವರದ್ದು. ಜನರಿಗಾಗಿ ಕಟ್ಟಿದ ಬೇಲಿ ಅಲ್ಲ ಅದು, ತಮ್ಮ ತಮ್ಮಲ್ಲಿ ಕಟ್ಟಿಕೊಂಡದ್ದು. ಜನಮತದ ರಾತ್ರಿ ವಾಯುಪಡೆಯ ಮುಖ್ಯಸ್ಥ ಫರ್ನಾಂಡೊ ಮಾತ್ತೇ ಪತ್ರಕರ್ತರ ಮುಂದೆ, ‘ಬೇಡ’ ಗೆದ್ದಿದೆ ಅಂತ ಹೇಳಿಬಿಟ್ಟರು. ಅಲ್ಲಿಗೆ ಮುಗಿಯಿತು.

ರಾತ್ರಿಪಾಳಿ:
ಸರಿ, ‘ನಾಟಕ’ ಅಂದದ್ದನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಸಂವಿಧಾನದಲ್ಲಿ ಒಳ್ಳೆಯ ಮಾತು ಬರೆದು ಇಟ್ಟಿರುತ್ತಾರಲ್ಲ, ಅದಾದರೂ ಬರೀ ಅಲಂಕಾರ ತಾನೇ? ಸ್ಟಾಲಿನ್‌ನ 1936ರ ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ ಇತ್ತು. ಮರುವರ್ಷವೇ ಸಾಮೂಹಿಕ ಬಂಧನ, ಹತ್ಯೆ ನಡೆದದ್ದು ಎಲ್ಲರಿಗೂ ಗೊತ್ತು.

ಚಿಟ್ಟೆಪುಟ:
ಅಲಂಕಾರವೇ, ಆದರೆ ಅದನ್ನು ಗಂಭೀರವಾಗಿ ತೆಗೆದುಕೊಂಡ ಒಬ್ಬ ಗಣಿತಜ್ಞ ಇದ್ದರು. ಅಲೆಕ್ಸಾಂಡರ್ ಎಸೆನಿನ್-ವೋಲ್ಪಿನ್. ಹುಚ್ಚಾಸ್ಪತ್ರೆಗೆ ಹಾಕಿಸಿಕೊಂಡು ಬಂದವರು. ಸಿನ್ಯಾವ್‌ಸ್ಕಿ, ಡ್ಯಾನಿಯೆಲ್ ಅನ್ನುವ ಇಬ್ಬರು ಲೇಖಕರನ್ನು ಬಂಧಿಸಿದಾಗ, 1965ರ ಡಿಸೆಂಬರ್ 5ಕ್ಕೆ, ಅದು ಅವರ ಸಂವಿಧಾನ ದಿನ, ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಜನ ಸೇರಿಸಿದರು. ಲೇಖಕರನ್ನು ಬಿಡಿ ಅಂತ ಕೂಡ ಕೇಳಲಿಲ್ಲ. ವಿಚಾರಣೆ ಬಾಗಿಲು ತೆರೆದು ನಡೆಸಿ ಅಂದರು, ಯಾಕೆಂದರೆ ಕಾನೂನಿನಲ್ಲಿ ಹಾಗೆ ಬರೆದಿದೆ. ಇನ್ನೊಂದು ಫಲಕದಲ್ಲಿ ಸೋವಿಯತ್ ಸಂವಿಧಾನಕ್ಕೆ ಗೌರವ ಕೊಡಿ ಅಂತ ಇತ್ತು. ಕೆಲವೇ ನಿಮಿಷದಲ್ಲಿ ಫಲಕಗಳನ್ನು ಕಿತ್ತರು, ಒಂದಷ್ಟು ಜನರನ್ನು ಹಿಡಿದು ಕೆಲವು ಗಂಟೆ ಬಿಟ್ಟು ಕಳಿಸಿದರು. ಲೇಖಕರಿಗೆ ಏಳು ವರ್ಷ, ಐದು ವರ್ಷ ಶಿಕ್ಷೆ ಆಯಿತು. ಆದರೆ ಮುಂದಿನ ಡಿಸೆಂಬರ್‌ಗಳಲ್ಲಿ ಜನ ಅದೇ ಚೌಕಕ್ಕೆ ಬಂದು ಟೋಪಿ ತೆಗೆದು ಸುಮ್ಮನೆ ನಿಲ್ಲುತ್ತಿದ್ದರು.

ರಾತ್ರಿಪಾಳಿ:
ಹಿಡಿದು ಬಿಟ್ಟರು ಅಂದಿರಲ್ಲ, ಯಾವ ಸೆಕ್ಷನ್ ಹಾಕಿದ್ದರು? ಸಂವಿಧಾನಕ್ಕೆ ಗೌರವ ಕೊಡಿ ಅನ್ನುವುದಕ್ಕೆ ಸೆಕ್ಷನ್ ಇರುತ್ತದಾ?

ಚಿಟ್ಟೆಪುಟ:
ಸರಿಯಾಗಿ ಕೂರುವ ಸೆಕ್ಷನ್ ಆಗ ಇರಲಿಲ್ಲ. 1966ರ ಸೆಪ್ಟೆಂಬರ್‌ನಲ್ಲಿ ದಂಡಸಂಹಿತೆಗೆ ಹೊಸದಾಗಿ ಸೇರಿಸಿದರು, 190ರ ಒಂದು, ಎರಡು, ಮೂರು ಅಂತ. ಮೂರನೆಯದು ಗುಂಪು ಸೇರಿ ಸಾರ್ವಜನಿಕ ವ್ಯವಸ್ಥೆ ಕೆಡಿಸುವುದಕ್ಕೆ. 1967ರ ಜನವರಿಯಲ್ಲಿ ಒಂದಷ್ಟು ಜನ ಅದೇ ಚೌಕದಲ್ಲಿ ನಿಂತು, ಬಂಧಿಸಿದ ಗೆಳೆಯರನ್ನು ಬಿಡಿ, ಈ ಹೊಸ ಸೆಕ್ಷನ್‌ಗಳನ್ನು ಬದಲಿಸಿ ಅಂತ ಕೇಳಿದರು. ಅವರಲ್ಲಿದ್ದ ವ್ಲಾದಿಮಿರ್ ಬುಕೋವ್‌ಸ್ಕಿಗೆ ಮೂರು ವರ್ಷ ಆಯಿತು. 190ರ ಮೂರು.